ಓದುಗರ ಪ್ರಶ್ನೆಗಳು: ಡಬ್ಬದ ಮೇಲೆ ಬರೆದ ವ್ಯಾಟ್ ಎಷ್ಟು ನಿಜ?

ತಿರುಗಾಟ ಮುಗಿಯುವ ಪತ್ತನಾಜೆಗೆ ಬಿಚ್ಚಿದ ಗೆಜ್ಜೆಯನ್ನು ಯಕ್ಷಗಾನ ಮೇಳಗಳು ಮತ್ತೆ ಕಟ್ಟುವ ಹೊತ್ತು ಬಂತು. ಬಯಲಾಟ, ಭಜನೆ, ವಾರ್ಷಿಕೋತ್ಸವಗಳ ಜೊತೆಗೆ ಆಂಪ್ಲಿಫೈಯರ್ ಮತ್ತು ಸ್ಪೀಕರಿನ ಬಗ್ಗೆ ಕಾಸರಗೋಡು, ಮಂಜೇಶ್ವರ ಕಡೆಯ ಓದುಗರ ಪತ್ರಗಳೂ ಹೆಚ್ಚಿವೆ. ಬಹುತೇಕ ಎಲ್ಲವೂ ವ್ಯಾಟ್ ಎಂಬ ಒಂದು ಅಂಕೆಯ ಸುತ್ತಲಿನವು. ಏಳು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆಗೆ ತಂದ ಹೋಂ ಥಿಯೇಟರ್ ಡಬ್ಬದ ಮೇಲೆ 8000 ವ್ಯಾಟ್ ಪಿಎಂಪಿಒ ಎಂದಿದೆ. ಭಾವನ ಮನೆಯಲ್ಲಿರುವ 30 ವ್ಯಾಟಿನ ಹಳೆಯ ಸ್ಟೀರಿಯೊ ಇದಕ್ಕಿಂತ ಜೋರಾಗಿಯೂ ಸ್ಪಷ್ಟವಾಗಿಯೂ ಕೇಳುತ್ತದೆ. ನಾನು ಮೋಸಹೋದೆನೆ? – ಓದುಗರೊಬ್ಬರು, ಪೆರ್ಲ

ಉತ್ತರ: ಪಿಎಂಪಿಒ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಅಳೆಯಲು ಯಾವ ನಿಯಮವೂ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ತುತ್ತತುದಿಯನ್ನು ಅಂದಾಜು ಮಾಡಿ, ಎಲ್ಲ ಚಾನೆಲ್‌ಗಳನ್ನು ಕೂಡಿಸಿ, ಅದರ ಮೇಲೆ ತಯಾರಕರು ತಮಗೆ ತೋಚಿದಷ್ಟು ಗುಣಿಸಿ ಬರೆದ ಅಂಕೆ ಅದು. 8000 ಎಂದು ಬರೆದವರು 12000 ಎಂದೂ ಬರೆಯಬಹುದಿತ್ತು. ಅದನ್ನು ಬಿಟ್ಟು ಸೆಟ್ಟಿನ ಹಿಂಬದಿಯ ಚೀಟಿ ಓದಿ. 230 ವೋಲ್ಟ್, 50 ಹರ್ಟ್ಸ್ ಎಂದು ಬರೆದಿರುವಲ್ಲೇ ಅದು ಎಷ್ಟು ಕರೆಂಟು ಎಳೆಯುತ್ತದೆ ಎಂಬುದೂ ಇರುತ್ತದೆ. ಅಲ್ಲಿ 60 ವ್ಯಾಟ್ ಎಂದಿದ್ದರೆ, ಗೋಡೆಯಿಂದ 60 ಎಳೆದ ಯಂತ್ರ ಸ್ಪೀಕರಿಗೆ ಸತತವಾಗಿ 60ಕ್ಕಿಂತ ಹೆಚ್ಚು ಕೊಡಲಾರದು. ಬಿಸಿಯಾಗಿ ಹೋಗುವ ಪಾಲು ಕಳೆದು, ಎಲ್ಲ ಚಾನೆಲ್‌ಗಳಿಗೂ ಸೇರಿ 35ರಿಂದ 40 ಉಳಿದರೆ ದೊಡ್ಡದು.

ಒಳಗಿನ ಲೆಕ್ಕವೂ ಅದನ್ನೇ ಹೇಳುತ್ತದೆ. ಇಂಥ ಅಸೆಂಬಲ್ ಸೆಟ್ಟುಗಳಲ್ಲಿ ನಡುವಿನ ತಂತಿಯಿಂದ ಎರಡೂ ಕಡೆ 12 ವೋಲ್ಟ್ ಕೊಡುವ 12-0-12 ಟ್ರಾನ್ಸ್‌ಫಾರ್ಮರ್ ಸಾಮಾನ್ಯ. ಅಲೆಯ ತುದಿ ತಿಳಿಯಲು 12ನ್ನು 1.414ರಿಂದ ಗುಣಿಸಿ, ಡಯೋಡಿನ ಪಾಲು ಕಳೆದರೆ ಎರಡೂ ಕಡೆ 16 ವೋಲ್ಟ್. ಹಾಡು ಜೋರಾದಾಗ ಅದು 14ಕ್ಕೆ ಇಳಿಯುತ್ತದೆ, ಸದ್ದು ಹೆಚ್ಚಿಸುವ ಚಿಪ್ಪಾದ ಐಸಿ ತನಗೆಂದು 2 ವೋಲ್ಟ್ ಇಟ್ಟುಕೊಳ್ಳುತ್ತದೆ. ಸ್ಪೀಕರಿಗೆ ಸಿಗುವ ತುದಿ 12 ವೋಲ್ಟ್. 12ರ ವರ್ಗವನ್ನು ಸ್ಪೀಕರಿನ ಓಮಿನ (ಕರೆಂಟಿಗೆ ಅದು ಒಡ್ಡುವ ತಡೆಯ ಅಳತೆ) ಎರಡರಷ್ಟರಿಂದ ಭಾಗಿಸಿ. 4 ಓಮಿಗೆ 144 ÷ 8, ಅಂದರೆ 18 ವ್ಯಾಟ್. ಇದಕ್ಕಿಂತ ಹೆಚ್ಚು ಬೇಕಾದರೆ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು. ಬೋರ್ಡ್ ಬದಲಿಸಿದರೆ ಆಗುವುದಿಲ್ಲ. ಅಂಗಡಿಯಲ್ಲಿ 200 ವ್ಯಾಟ್ ಎಂದು ಮಾರುವ 4440 ಬೋರ್ಡಿನ ಐಸಿಗೆ ತಯಾರಕರೇ ಕೊಟ್ಟ ಅಂಕೆ ಸ್ಟೀರಿಯೊದಲ್ಲಿ ಚಾನೆಲಿಗೆ 6 ವ್ಯಾಟ್, ಬ್ರಿಜ್ ಮಾಡಿದರೆ, ಅಂದರೆ ಎರಡೂ ಚಾನೆಲ್ ಸೇರಿ ಒಂದೇ ಸ್ಪೀಕರನ್ನು ನಡೆಸಿದರೆ, 19.

ನಂಬಬಹುದಾದದ್ದು ಆರ್‌ಎಂಎಸ್ ಎಂದು ರೂಢಿಯಲ್ಲಿ ಕರೆಯುವ ಸತತ ಶಕ್ತಿ. ಸರಿಯಾಗಿ ಹೇಳಬೇಕೆಂದರೆ ಆರ್‌ಎಂಎಸ್ (ಏರಿಳಿಯುವ ಅಲೆಯ ಒಂದು ಬಗೆಯ ಸರಾಸರಿ) ವೋಲ್ಟೇಜಿಗೆ ಸಲ್ಲುವ ಮಾತು, ಅದರಿಂದ ಲೆಕ್ಕಹಾಕಿದ ವ್ಯಾಟ್ ಸರಾಸರಿ. 8 ಓಮ್ ಸ್ಪೀಕರಿನ ಮೇಲೆ 20 ವೋಲ್ಟ್ ಆರ್‌ಎಂಎಸ್ ಬಿದ್ದರೆ 400 ÷ 8, 50 ವ್ಯಾಟ್. ಅದೇ ಅಲೆಯ ತುದಿ 28.3 ವೋಲ್ಟ್, ಆ ಕ್ಷಣದ ಶಕ್ತಿ 100 ವ್ಯಾಟ್. ಒಂದೇ ಆಂಪ್ಲಿಗೆ 50 ಎಂದೂ 100 ಎಂದೂ ಸುಳ್ಳಿಲ್ಲದೆ ಬರೆಯಲು ಬರುವುದು ಹೀಗೆ. ಅಮೆರಿಕದಲ್ಲಿ ಇಂಥ ಜಾಹೀರಾತುಗಳು ಮಿತಿಮೀರಿದ್ದರಿಂದಲೇ 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮ ತಂದಿತು. ಎಷ್ಟು ಓಮಿಗೆ, ಯಾವ ಹರ್ಟ್ಸಿನಿಂದ ಯಾವ ಹರ್ಟ್ಸಿನವರೆಗೆ, ಎಷ್ಟು ಶೇಕಡಾ ಡಿಸ್ಟಾರ್ಷನ್‌ನಲ್ಲಿ (ಸ್ವರ ಕೆಡುವ ಪ್ರಮಾಣದಲ್ಲಿ) ಎಂಬುದನ್ನು ವ್ಯಾಟಿನ ಜೊತೆಗೇ ಬರೆಯಬೇಕಾಯಿತು. ನೀವೂ ಅಂಗಡಿಯಲ್ಲಿ ಇದನ್ನೇ ಕೇಳಿ. ಜೊತೆಗೆ ಎರಡೂ ಚಾನೆಲ್ ಒಟ್ಟಿಗೆ ದುಡಿಯುವಾಗಲೋ, ಒಂದೇ ದುಡಿಯುವಾಗಲೋ ಎಂದೂ ಕೇಳಿ. ಇವಿಲ್ಲದ ವ್ಯಾಟನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ನಮ್ಮಲ್ಲಿ 250 ವ್ಯಾಟಿನ ಆಂಪ್ಲಿ ಇದೆ. 500 ವ್ಯಾಟಿನದು ತಂದರೆ ಸದ್ದು ದುಪ್ಪಟ್ಟಾಗುತ್ತದೆಯೇ? – ಯುವಕ ಮಂಡಲದ ಸದಸ್ಯರು, ಉಪ್ಪಳ

ಉತ್ತರ: ಆಗುವುದಿಲ್ಲ. ವ್ಯಾಟ್ ಎರಡರಷ್ಟಾದರೆ 3 ಡೆಸಿಬೆಲ್ ಏರುತ್ತದೆ. ಕಿವಿಗೊಟ್ಟು ಕೇಳಿದವರಿಗೆ ತುಸು ಹೆಚ್ಚಾಯಿತು ಎನಿಸುತ್ತದೆ, ಅಷ್ಟೆ. ಕಿವಿಗೆ ದುಪ್ಪಟ್ಟು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ಶಕ್ತಿ, 2500 ವ್ಯಾಟ್.

ದುಡ್ಡು ಹಾಕುವ ಮೊದಲು ಸ್ಪೀಕರಿನ ಹಾಳೆಯಲ್ಲಿ ಸೆನ್ಸಿಟಿವಿಟಿ ನೋಡಿ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಅಂಕೆ ಅದು. ಮನೆಯ ಸ್ಪೀಕರಿಗೆ 88, ಒಳ್ಳೆಯ ಸ್ಟೇಜ್ ಬಾಕ್ಸಿಗೆ 97, ಕೋಳಾಂಬಿ ಹಾರ್ನಿಗೆ 105ರ ಮೇಲೆ ಇರುತ್ತದೆ. 97ರ ಬಾಕ್ಸ್ 100 ವ್ಯಾಟಿನಲ್ಲಿ ಮಾಡುವ ಸದ್ದಿಗೆ 88ರ ಬಾಕ್ಸಿಗೆ 800 ವ್ಯಾಟ್ ಬೇಕು. ಆಂಪ್ಲಿ ಬದಲಿಸುವುದಕ್ಕಿಂತ ಸ್ಪೀಕರ್ ಬದಲಿಸುವುದು ಎಷ್ಟೋ ಸಲ ಅಗ್ಗವಾಗುತ್ತದೆ.

ಬಯಲಿನಲ್ಲಿ ದೂರ ದುಪ್ಪಟ್ಟಾದ ಹಾಗೆಲ್ಲ 6 ಡೆಸಿಬೆಲ್ ಕಳೆಯುತ್ತದೆ. 97ರ ಬಾಕ್ಸಿಗೆ 100 ವ್ಯಾಟ್ ಕೊಟ್ಟರೆ ಒಂದು ಮೀಟರಿನಲ್ಲಿ 117. 2, 4, 8, 16, 32 ಮೀಟರ್ ಎಂದು ಐದು ಸಲ ದುಪ್ಪಟ್ಟಾದಾಗ 30 ಹೋಗಿ 87 ಉಳಿಯುತ್ತದೆ. ಮಾತು ಕೇಳಲು ಅಷ್ಟು ಧಾರಾಳ. ಹಿಂದಿನ ಸಾಲಿಗೆ ಕೇಳುವುದಿಲ್ಲ ಎಂದರೆ ಸಾಮಾನ್ಯವಾಗಿ ಬಾಕ್ಸ್ ತಗ್ಗಿನಲ್ಲಿದ್ದು ಮುಂದಿನವರ ತಲೆಗಳೇ ಸದ್ದನ್ನು ತಿಂದಿರುತ್ತವೆ. ಸ್ಟ್ಯಾಂಡನ್ನು 8 ಅಡಿಗೆ ಎತ್ತಿ, ಬಾಕ್ಸಿನ ಮುಖವನ್ನು ಹಿಂದಿನ ಸಾಲಿಗೆ ತಿರುಗಿಸಿ ನೋಡಿ.

ಪ್ರಶ್ನೆ: ಸ್ಪೀಕರಿನ ಹಿಂದೆ 300 ವ್ಯಾಟ್ ಕಂಟಿನ್ಯೂಯಸ್, 600 ಪ್ರೋಗ್ರಾಂ, 1200 ಪೀಕ್, 8 ಓಮ್ ಎಂದಿದೆ. ಇವುಗಳಲ್ಲಿ ಯಾವುದಕ್ಕೆ ಸರಿಯಾಗಿ ಆಂಪ್ಲಿ ಕೊಳ್ಳಬೇಕು? ಆಂಪ್ಲಿ ಚಿಕ್ಕದಿದ್ದರೆ ಸ್ಪೀಕರ್ ಸುಡುವುದಿಲ್ಲ ಎನ್ನುವುದು ನಿಜವೆ? ರಾತ್ರಿಯಿಡೀ ನಡೆಯುವ ಬಯಲಾಟಕ್ಕೆ ಬಳಸುತ್ತೇವೆ. – ಮೈಕ್ ಸೆಟ್ ಬಾಡಿಗೆಗೆ ಕೊಡುವವರು, ಮುಳ್ಳೇರಿಯ

ಉತ್ತರ: ಮೂರೂ ಅಂಕೆಗಳು ಒಂದೇ ಪರೀಕ್ಷೆಯವು. ಎಇಎಸ್ (ಆಡಿಯೊ ಎಂಜಿನಿಯರಿಂಗ್ ಸೊಸೈಟಿ) ಪದ್ಧತಿಯಲ್ಲಿ ಸ್ಪೀಕರಿಗೆ ಎರಡು ಗಂಟೆ ಕಾಲ ಪಿಂಕ್ ನಾಯ್ಸ್ ಎಂಬ ಮಳೆ ಸುರಿದಂಥ ಸದ್ದನ್ನು ಕೊಡುತ್ತಾರೆ. ಆ ಸದ್ದಿನ ತುದಿಗಳು ಸರಾಸರಿಗಿಂತ 6 ಡೆಸಿಬೆಲ್ ಎತ್ತರ, ಅಂದರೆ ವೋಲ್ಟೇಜಿನಲ್ಲಿ ಎರಡು ಪಟ್ಟು, ಶಕ್ತಿಯಲ್ಲಿ ನಾಲ್ಕು ಪಟ್ಟು. ನಿಮ್ಮ ಸ್ಪೀಕರ್ 300 ವ್ಯಾಟ್ ಸರಾಸರಿ ತಾಳಿದೆ, ಆ ಹೊತ್ತಿನಲ್ಲಿ ತುದಿಗಳು 1200ಕ್ಕೆ ಮುಟ್ಟಿವೆ. ಅದೇ ಪೀಕ್. ನಡುವಿನ ಪ್ರೋಗ್ರಾಂ ಎಂಬುದಕ್ಕೆ ಬೇರೆ ಪರೀಕ್ಷೆ ಇಲ್ಲ, ಕಂಟಿನ್ಯೂಯಸಿನ ಎರಡರಷ್ಟು ಬರೆಯುವುದು ವಾಡಿಕೆ.

ಆದರೂ ಆ 600ಕ್ಕೆ ಅರ್ಥವಿದೆ. ಆಂಪ್ಲಿಯನ್ನು ಅಳೆಯುವುದು ಸೈನ್ ಅಲೆಯಿಂದ, ಅಂದರೆ ಒಂದೇ ಸ್ವರದ ನಯವಾದ ಅಲೆಯಿಂದ. ಸೈನ್ ಅಲೆಯ ತುದಿ ಶಕ್ತಿಯಲ್ಲಿ ಸರಾಸರಿಯ ಎರಡು ಪಟ್ಟು ಮಾತ್ರ. 600 ವ್ಯಾಟಿನ ಆಂಪ್ಲಿ ಸ್ವರ ಒಡೆಯದೆ 1200ರ ತುದಿ ಮುಟ್ಟುತ್ತದೆ, ನಿಮ್ಮ ಸ್ಪೀಕರ್ ತಾಳುವುದೂ ಅಷ್ಟೇ. ಆದ್ದರಿಂದ ಮಿಕ್ಸರಿನ ಬಳಿ ತಿಳಿದವರು ಕೂರುವುದಾದರೆ 8 ಓಮಿಗೆ 600 ವ್ಯಾಟ್ ಕೊಡುವ ಆಂಪ್ಲಿ ಸರಿ. ಭಜನಾ ಮಂದಿರದಂತೆ ಯಾರು ಬೇಕಾದರೂ ತಿರುಪು ತಿರುಗಿಸುವ ಜಾಗವಾದರೆ 300ರಿಂದ 400 ಸಾಕು.

600ರ ಆಂಪ್ಲಿ ಹಾಕಿದರೆ ಕಾಯಿಲ್ (ಸ್ಪೀಕರಿನ ಕೋನನ್ನು ಅಲುಗಿಸುವ ತಂತಿಯ ಸುರುಳಿ) ಸುಡುವುದಿಲ್ಲವೆ ಎಂದು ನೀವು ಕೇಳಬಹುದು. ಮಾತಿನಲ್ಲಿ ತುದಿಗೂ ಸರಾಸರಿಗೂ 12 ಡೆಸಿಬೆಲ್ ಆಸುಪಾಸು ಅಂತರ. ತುದಿ 1200 ಮುಟ್ಟಿದಾಗಲೂ ಸರಾಸರಿ ಅದರ ಹದಿನಾರನೇ ಒಂದು, 75 ವ್ಯಾಟ್. ಕಾಯಿಲ್ ಬಿಸಿಯಾಗುವುದು ಈ 75ಕ್ಕೆ. ಚೆಂಡೆಯ ಪೆಟ್ಟು ಇನ್ನೂ ಚೂಪು, ತುದಿ ಎತ್ತರ, ಸರಾಸರಿ ಕಡಿಮೆ. ಆ ಪೆಟ್ಟು ಆಂಪ್ಲಿಯಲ್ಲಿ ಜಾಗ ಕೇಳುತ್ತದೆ, ಸ್ಪೀಕರನ್ನು ಅಷ್ಟಾಗಿ ಕಾಯಿಸುವುದಿಲ್ಲ.

ಚಿಕ್ಕ ಆಂಪ್ಲಿ ಕ್ಷೇಮ ಎನ್ನುವುದು ಇಲ್ಲಿಯೇ ಸುಳ್ಳಾಗುತ್ತದೆ. ಜಾಗ ಸಾಲದಾದಾಗ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಸ್ವರ ಒಡೆಯುತ್ತದೆ. ತಲೆ ಕತ್ತರಿಸಿದ ಅಲೆಗೆ ತುದಿ ಏರಲು ಆಗುವುದಿಲ್ಲ, ಆದರೆ ಸರಾಸರಿ ಏರುತ್ತಲೇ ಹೋಗುತ್ತದೆ. 300 ವ್ಯಾಟಿನ ಆಂಪ್ಲಿಯನ್ನು ಪೂರ್ತಿ ಒಡೆಸಿ ಅಲೆ ಚೌಕವಾದರೆ ಹೊರಬರುವುದು 600 ವ್ಯಾಟ್, ಅದೂ ಬಿಡುವಿಲ್ಲದೆ. ಸ್ಪೀಕರ್ ತಾಳುವ 300ರ ಎರಡರಷ್ಟು.

ಬಯಲಾಟದವರು ಗಮನಿಸಲೇಬೇಕಾದ ಇನ್ನೊಂದು ಸಂಗತಿ ಇದೆ. ಸ್ಪೀಕರಿಗೆ ಕೊಟ್ಟ ಶಕ್ತಿಯಲ್ಲಿ ಸದ್ದಾಗುವುದು ನೂರಕ್ಕೆ ಮೂರು ಭಾಗ, ಉಳಿದದ್ದೆಲ್ಲ ಕಾಯಿಲಿನ ಬಿಸಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.39 ಏರುತ್ತದೆ. ಕಾಯಿಲ್ 150 ಡಿಗ್ರಿ ಏರಿದರೆ ರೋಧ ಒಂದೂವರೆ ಪಟ್ಟು ಮೀರುತ್ತದೆ, ಅದೇ ವೋಲ್ಟೇಜಿನಲ್ಲಿ ಸ್ಪೀಕರ್ ಎಳೆಯುವ ಶಕ್ತಿ ಇಳಿದು ಸದ್ದು ಮಂಕಾಗುತ್ತದೆ. ನಡುರಾತ್ರಿ ಕಳೆದ ಮೇಲೆ ಭಾಗವತರ ಸ್ವರ ಸ್ವಲ್ಪ ಹಿಂದೆ ಸರಿದಂತೆ ಕೇಳಿ, ಮಿಕ್ಸರಿನವರು ಮಾಸ್ಟರ್ ಮೇಲೆ ತಳ್ಳುತ್ತಾರೆ. ಕಾದ ಕಾಯಿಲಿಗೆ ಇನ್ನಷ್ಟು ಬಿಸಿ ತುಂಬುತ್ತದೆ, ಅಂಟು ಬಿಡುತ್ತದೆ, ಸುತ್ತು ಕಳಚಿ ಮ್ಯಾಗ್ನೆಟಿಗೆ ಉಜ್ಜುತ್ತದೆ. ಸದ್ದು ಮಂಕಾಯಿತು ಎನಿಸಿದರೆ 3 ಡೆಸಿಬೆಲ್ ಇಳಿಸಿ ಹತ್ತು ನಿಮಿಷ ಬಿಡಿ.

ಆಟ ಶುರುವಾಗುವ ಮೊದಲು ಹೀಗೆ ಮಾಡಿ. ಆಂಪ್ಲಿಯ ತಿರುಪು ಪೂರ್ತಿ ಕೆಳಗೆ, ಮಿಕ್ಸರಿನ ಮಾಸ್ಟರ್ ಸೊನ್ನೆ ಗೆರೆಯಲ್ಲಿ. ಎಲ್ಲ ಮೈಕುಗಳಿಗೂ ಲೋ ಕಟ್ ಒತ್ತಿ, 80 ಹರ್ಟ್ಸಿಗಿಂತ ಕೆಳಗಿನದು ಭಾಗವತಿಕೆಗೂ ಮಾತಿಗೂ ಬೇಡ. ಗಾಳಿ, ಹಲಗೆಯ ಮೇಲಿನ ಹೆಜ್ಜೆಯ ಧಡಧಡ ಇವೆಲ್ಲ ಆ ಕೆಳಗೆ ಇದ್ದು, ಬಾಕ್ಸಿನಲ್ಲಿ ಕೋನನ್ನು ಸುಮ್ಮನೆ ಹೊರಗೊಳಗೆ ಎಸೆಯುತ್ತವೆ. ವ್ಯಾಟ್ ಮಿತಿಯೊಳಗಿದ್ದಾಗಲೂ ಕೋನ್ ಹರಿಯುವುದು ಇದರಿಂದ. ಆಮೇಲೆ ಚೆಂಡೆಯವರಲ್ಲಿ ಒಂದು ಉರುಳಿಕೆ ಬಾರಿಸಲು ಹೇಳಿ, ಭಾಗವತರು ಏರು ಶ್ರುತಿಯಲ್ಲಿ ಒಂದು ಪದ ಎತ್ತಲಿ. ಆಂಪ್ಲಿಯ ತಿರುಪನ್ನು ನಿಧಾನ ಏರಿಸುತ್ತಾ ಸ್ವರ ಒಡೆಯತೊಡಗಿದ್ದನ್ನು ತೋರಿಸುವ ಕ್ಲಿಪ್ ದೀಪ ಒಮ್ಮೊಮ್ಮೆ ಮಿನುಗುವಲ್ಲಿ ನಿಲ್ಲಿಸಿ, ಅಲ್ಲಿಂದ 3 ಡೆಸಿಬೆಲ್ ಕೆಳಗಿಳಿಸಿ. ಆ ಜಾಗಕ್ಕೆ ಒಂದು ಟೇಪು ಅಂಟಿಸಿಬಿಡಿ. ರಾತ್ರಿಯಿಡೀ ಆಂಪ್ಲಿಯನ್ನು ಮುಟ್ಟುವ ಅಗತ್ಯ ಬಾರದು.

ಪ್ರಶ್ನೆ: ಬಾಕ್ಸಿನ ಟ್ವೀಟರ್ ಡಯಾಫ್ರಾಂ ಒಂದೇ ವರ್ಷದಲ್ಲಿ ಮೂರು ಸಲ ಸುಟ್ಟಿತು. ಆಂಪ್ಲಿ 200, ಬಾಕ್ಸ್ 300 ವ್ಯಾಟ್. – ಓದುಗರು, ಅಡೂರು

ಉತ್ತರ: 300 ಎಂಬುದು ಇಡೀ ಬಾಕ್ಸಿನದು. ಅದರಲ್ಲಿ ಏರು ಸ್ವರ ಹೊರಡಿಸುವ ಮೇಲಿನ ಯುನಿಟ್, ಅಂದರೆ ಟ್ವೀಟರ್, ತಾಳುವುದು 30–40 ವ್ಯಾಟ್ ಇರಬಹುದು. ಹಾಡಿನಲ್ಲಿ ಹೆಚ್ಚಿನ ಶಕ್ತಿ ತಗ್ಗು ಸ್ವರಗಳಲ್ಲಿರುವುದರಿಂದ ಇದು ನಡೆಯುತ್ತದೆ. ಮೈಕ್ ಕೂಗಿದಾಗ ನಡೆಯುವುದಿಲ್ಲ. 2ರಿಂದ 4 ಸಾವಿರ ಹರ್ಟ್ಸಿನ ಒಂದು ಕೂಗು ಎದ್ದರೆ ಆಂಪ್ಲಿಯ 200 ವ್ಯಾಟೂ ಆ ಪುಟ್ಟ ಡಯಾಫ್ರಾಮಿನ ಮೇಲೆಯೇ ಬೀಳುತ್ತದೆ, ಕೆಲವೇ ಸೆಕೆಂಡು ಸಾಕು. ಟ್ರೆಬಲ್ ತಿರುಪನ್ನು ಪೂರ್ತಿ ಏರಿಸಿ ಆಂಪ್ಲಿ ಒಡೆಯುವಷ್ಟು ಕೊಟ್ಟರೂ ಅದೇ ಫಲ.

ಮೂರು ಸಲ ಸುಟ್ಟಿದೆ ಎಂದಾಗ ನಮಗೆ ಸ್ವರಗಳನ್ನು ತಗ್ಗು, ಏರು ಎಂದು ಬೇರ್ಪಡಿಸುವ ಕ್ರಾಸ್‌ಓವರ್ ಮೇಲೆಯೇ ಹೆಚ್ಚು ಸಂಶಯ. ರಿಪೇರಿಯಲ್ಲಿ ಕೆಪಾಸಿಟರ್ ಬದಲಾಗಿದೆಯೇ ನೋಡಿ. 8 ಓಮ್ ಟ್ವೀಟರಿಗೆ ಸರಣಿಯಲ್ಲಿ 4.7 ಮೈಕ್ರೋಫ್ಯಾರಡ್ ಇದ್ದರೆ 4200 ಹರ್ಟ್ಸಿನಿಂದ ಮೇಲಿನದು ಹೋಗುತ್ತದೆ. ಅದರ ಬದಲು 10 ಹಾಕಿದರೆ 2000ಕ್ಕೇ ಶುರು, ಡಯಾಫ್ರಾಂ ಓಡಬೇಕಾದ ದೂರ ಹಲವು ಪಟ್ಟು ಹೆಚ್ಚು. ಪ್ಲಸ್-ಮೈನಸ್ ಗುರುತಿನ ಮಾಮೂಲಿ ಎಲೆಕ್ಟ್ರೊಲಿಟಿಕ್ ಹಾಕಿದ್ದರೆ ಕೂಡಲೇ ತೆಗೆಯಿರಿ, ನಾನ್-ಪೋಲಾರ್ ಬೇಕು. ಕೆಲವು ಬಾಕ್ಸುಗಳಲ್ಲಿ ಟ್ವೀಟರಿನ ಸರಣಿಯಲ್ಲಿ ರಕ್ಷಣೆಗೆಂದು ಪುಟ್ಟ ಬಲ್ಬ್ ಇರುತ್ತದೆ. ಅದು ಹೋದಾಗ ತಂತಿ ಜೋಡಿಸಿ ನೇರ ಮಾಡುವ ಅಭ್ಯಾಸವಿದೆ. ಹಾಗೆ ಆಗಿದ್ದರೆ ಅದೇ ಕಾರಣ. ಹೊಸ ಡಯಾಫ್ರಾಂ 8 ಓಮಿನದೇ ಎಂದು ಮಲ್ಟಿಮೀಟರಿನಲ್ಲಿ ನೋಡಿಕೊಳ್ಳಿ, 5.5ರಿಂದ 6.5 ತೋರಿಸಿದರೆ ಸರಿ.

ಪ್ರಶ್ನೆ: ನಾಲ್ಕು 8 ಓಮ್ ಬಾಕ್ಸುಗಳನ್ನು ಒಂದರಿಂದ ಒಂದಕ್ಕೆ ಚುಚ್ಚಿ ಒಂದೇ ಚಾನೆಲಿಗೆ ಕೊಡುತ್ತೇವೆ. ಅರ್ಧ ಗಂಟೆಯಲ್ಲಿ ಪ್ರೊಟೆಕ್ಟ್ ದೀಪ ಹತ್ತಿ ಆಂಪ್ಲಿ ನಿಲ್ಲುತ್ತದೆ. – ಓದುಗರು, ಬದಿಯಡ್ಕ

ಉತ್ತರ: ಬಾಕ್ಸಿನ ಹಿಂದಿನ ಎರಡು ಸಾಕೆಟ್‌ಗಳು ಒಳಗೆ ಪ್ಯಾರಲಲ್, ಅಂದರೆ ಬಾಕ್ಸ್ ಸೇರಿದಷ್ಟೂ ಓಮ್ ಇಳಿಯುತ್ತದೆ. ಎರಡು ಬಾಕ್ಸಿಗೆ 4 ಓಮ್, ನಾಲ್ಕಕ್ಕೆ 2 ಓಮ್. 40 ವೋಲ್ಟ್ ಹೊರಡಿಸುವ ಆಂಪ್ಲಿ 8 ಓಮಿಗೆ 5 ಆಂಪಿಯರ್ ಕೊಡಬೇಕು, 2 ಓಮಿಗೆ 20. ಔಟ್‌ಪುಟ್ ಟ್ರಾನ್ಸಿಸ್ಟರುಗಳು ಕಾದು ನಿಲ್ಲುವುದು ಯಂತ್ರದ ಪುಣ್ಯ. ಹಿಂದೆ ಕನಿಷ್ಠ 4 ಓಮ್ ಎಂದಿದ್ದರೆ ಚಾನೆಲಿಗೆ ಎರಡೇ ಬಾಕ್ಸ್. ಬ್ರಿಜ್ ಮಾಡಿದಾಗ ಪ್ರತಿ ಚಾನೆಲಿಗೂ ಕಾಣುವುದು ಅರ್ಧ ಓಮ್, ಆದ್ದರಿಂದ ಬ್ರಿಜಿನಲ್ಲಿ ಕನಿಷ್ಠ 8. ಓಮ್ ಇಳಿದಷ್ಟೂ ವಯರ್ ತಿನ್ನುವ ಪಾಲೂ ಹೆಚ್ಚು. 1.5 ಚದರ ಮಿ.ಮೀ. ತಾಮ್ರದ ವಯರ್ 20 ಮೀಟರ್ ಎಳೆದರೆ ಹೋಗಿಬರುವ ರೋಧ ಅರ್ಧ ಓಮ್ ದಾಟುತ್ತದೆ. 2 ಓಮ್ ಬಾಕ್ಸಿಗೆ ಹೊರಟ ಶಕ್ತಿಯ ಐದರಲ್ಲಿ ಒಂದು ಭಾಗ ದಾರಿಯಲ್ಲೇ ಹೋಯಿತು.

ಪ್ರಶ್ನೆ: ಜಾತ್ರೆಗೆ ದಾರಿಯುದ್ದಕ್ಕೂ 600 ಮೀಟರ್ ದೂರ 12 ಹಾರ್ನ್ ಕಟ್ಟಿದ್ದೇವೆ. 250 ವ್ಯಾಟಿನ ಆಂಪ್ಲಿ, 100 ವೋಲ್ಟ್ ಲೈನ್. ಕೊನೆಯ ಹಾರ್ನುಗಳು ಕೇಳುವುದೇ ಇಲ್ಲ. ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಇನ್ನೂ ಕಷ್ಟ. – ಉತ್ಸವ ಸಮಿತಿ, ಕುಂಬಳೆ ಹತ್ತಿರ

ಉತ್ತರ: ದೂರದ ಹಾರ್ನುಗಳಿಗೆ ವೋಲ್ಟೇಜ್ ಏರಿಸಿ ಕಳಿಸುವ 100 ವೋಲ್ಟ್ ಲೈನಿನಲ್ಲಿ ಓಮ್ ಲೆಕ್ಕ ಮರೆತು ಹಾರ್ನುಗಳ ವ್ಯಾಟ್ ಕೂಡಿಸಿದರೆ ಸಾಕು. ಪ್ರತಿ ಹಾರ್ನಿನ ಲೈನ್ ಟ್ರಾನ್ಸ್‌ಫಾರ್ಮರಿನಲ್ಲಿ ವ್ಯಾಟ್ ಆರಿಸಲು 30, 15, 7.5 ಎಂಬಂತೆ ಟ್ಯಾಪ್‌ಗಳಿರುತ್ತವೆ. ಎಲ್ಲವೂ 30ರಲ್ಲಿದ್ದರೆ 12 ಹಾರ್ನಿಗೆ 360, ನಿಮ್ಮ ಆಂಪ್ಲಿಯ ಶಕ್ತಿಗೆ ಮೀರಿತು. ಒಟ್ಟು ಆಂಪ್ಲಿಯ ನೂರಕ್ಕೆ ಎಂಬತ್ತು, ಅಂದರೆ 200 ವ್ಯಾಟಿನ ಒಳಗಿರಲಿ. ಎಲ್ಲವನ್ನೂ 15ಕ್ಕೆ ಹಾಕಿದರೆ 180. ಸದ್ದು ಇಳಿಯುವುದು ಹಾರ್ನಿಗೆ 3 ಡೆಸಿಬೆಲ್ ಮಾತ್ರ.

ಇನ್ನು ವಯರ್. 0.75 ಚದರ ಮಿ.ಮೀ. ವಯರಾದರೆ ಹೋಗಿಬರುವ 1200 ಮೀಟರಿಗೆ ರೋಧ 31 ಓಮ್. 30ರ ಟ್ಯಾಪಿನಲ್ಲಿ ಕೊನೆಯ ಹಾರ್ನಿಗೆ ತಲುಪುವುದು 100ರಲ್ಲಿ 62 ವೋಲ್ಟ್, 15ರ ಟ್ಯಾಪಿನಲ್ಲಿ 77. 15ರ ಟ್ಯಾಪಿನಲ್ಲೇ 1.5ರ ವಯರ್ ಹಾಕಿದರೆ 87 ಆಗುತ್ತದೆ. ವಯರ್ ಕೊಳ್ಳದೆಯೂ ದಾರಿ ಇದೆ. ಆಂಪ್ಲಿಯನ್ನು ಸಾಲಿನ ನಡುವೆ ಇಟ್ಟು ಎರಡೂ ಕಡೆ ಆರಾರು ಹಾರ್ನಿಗೆ ಬೇರೆ ಬೇರೆ ಲೈನ್ ಎಳೆಯಿರಿ. 15ರ ಟ್ಯಾಪಿನಲ್ಲಿ ಅದೇ 0.75ರ ವಯರಿಗೆ ಎರಡೂ ತುದಿಗೆ 93 ವೋಲ್ಟ್ ಸಿಗುತ್ತದೆ. ನಮ್ಮ ಸಲಹೆ ಇದೇ.

ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮ್ ಹಾರ್ನ್ ಒಂದು ಈ ಲೈನಿಗೆ ಸೇರಿಕೊಂಡರೆ ಅದೊಂದೇ 1250 ವ್ಯಾಟ್ ಕೇಳುತ್ತದೆ, ಇಡೀ ಸಾಲು ಮಲಗುತ್ತದೆ. ಸಾಲು ಪೂರ್ತಿ ಮಂಕಾದಾಗ ಆಂಪ್ಲಿ ಆಫ್ ಮಾಡಿ ಹಾರ್ನುಗಳನ್ನು ಒಂದೊಂದಾಗಿ ಕಳಚಿ ನೋಡಿ. 100 ವೋಲ್ಟ್ ಕೈಗೆ ಹೊಡೆಯುತ್ತದೆ, ಜೋಡಣೆಗಳಿಗೆ ಟೇಪು ಸುತ್ತಿ ನೆಲಕ್ಕೆ ಬೀಳದಂತೆ ಕಟ್ಟಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಇರಬಹುದು, ಅಲ್ಲಿ ಹಾರ್ನ್ ಕಟ್ಟುವ ಮೊದಲು ವಿಚಾರಿಸಿ.

ಸಂಜೆಯ ವೋಲ್ಟೇಜ್ ವಿಷಯ. ಟ್ರಾನ್ಸ್‌ಫಾರ್ಮರಿನ ಹಳೆ ಮಾದರಿಯ ಆಂಪ್ಲಿಯಲ್ಲಿ 230ರಿಂದ 180ಕ್ಕೆ ಇಳಿದರೆ ಒಳಗಿನ ಸಪ್ಲೈಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಶಕ್ತಿ ವರ್ಗದ ಲೆಕ್ಕದಲ್ಲಿ ನೂರಕ್ಕೆ 61, ನಿಮ್ಮ 250 ಆಗ 150. ಕಿವಿಗೆ ಇದು 2 ಡೆಸಿಬೆಲ್ ನಷ್ಟ, ಆದರೆ ಸ್ವರ ಬೇಗ ಒಡೆಯುತ್ತದೆ. ಏರಿಸಲು ಹೋಗಬೇಡಿ, 2–3 ಡೆಸಿಬೆಲ್ ಇಳಿಸಿ. ಸ್ಟೆಬಿಲೈಸರ್ ಅಥವಾ ಜನರೇಟರ್ ಆಯ್ಕೆಗೆ ಹೀಗೆ ಲೆಕ್ಕ ಹಾಕಿ: ಹಾಡು, ಮಾತಿನಲ್ಲಿ ಸರಾಸರಿ ಹೊರಬರುವುದು ಬರೆದ ವ್ಯಾಟಿನ ಎಂಟನೇ ಒಂದು, ಆ ಮಟ್ಟದಲ್ಲಿ ಹಳೆ ಮಾದರಿಯ ಆಂಪ್ಲಿಯ ದಕ್ಷತೆ ಸುಮಾರು ಕಾಲು ಭಾಗ. ಅಂದರೆ ಎಳೆಯುವುದು ಬರೆದದ್ದರ ಅರ್ಧ. 250ಕ್ಕೆ 125 ವ್ಯಾಟ್. ತುದಿಗಳಿಗೆಂದು ಜಾಗ ಬಿಟ್ಟು 500 ವಿಎ (ವೋಲ್ಟ್-ಆಂಪಿಯರ್) ಇಟ್ಟುಕೊಳ್ಳಿ.

ಪ್ರಶ್ನೆ: ಕಾರಿನ ಸ್ಟೀರಿಯೊ ಮೇಲೆ 4 × 50 ವ್ಯಾಟ್ ಎಂದಿದೆ. ನಿಜವೆ? – ಓದುಗರು, ಹೊಸಂಗಡಿ

ಉತ್ತರ: ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಹೆಚ್ಚೆಂದರೆ 14.4 ವೋಲ್ಟ್. ಒಳಗಿನ ಐಸಿ ಏನೂ ಉಳಿಸಿಕೊಳ್ಳದೆ ಪೂರ್ತಿ ಕೊಟ್ಟರೂ 4 ಓಮಿಗೆ 14.4ರ ವರ್ಗ ÷ 8, ಅಂದರೆ 26 ವ್ಯಾಟ್. ವಾಸ್ತವದಲ್ಲಿ ಸ್ವಚ್ಛವಾಗಿ ಸಿಗುವುದು 20ರ ಆಸುಪಾಸು. 50 ಬರುವುದು ಅಲೆ ಪೂರ್ತಿ ಒಡೆದು ಚೌಕವಾದಾಗ: 14.4ರ ವರ್ಗ ÷ 4, ಸರಿಯಾಗಿ 51.8. ಹಿಂದಿನ ಫ್ಯೂಸ್ ನೋಡಿದರೂ ಗೊತ್ತಾಗುತ್ತದೆ. 10 ಆಂಪಿಯರ್ ಫ್ಯೂಸ್ × 14.4 ಎಂದರೆ ಒಳಹೋಗುವುದೇ 144 ವ್ಯಾಟ್, ಹೊರಗೆ ಸತತ 200 ಬರುವ ಮಾತೆಲ್ಲಿ? ಡಿಕ್ಕಿಯಲ್ಲಿ ಬೇರೆ ಆಂಪ್ಲಿ ಇಡುವುದಾದರೂ ಇದೇ ಲೆಕ್ಕ ಹಾಕಿ. 1000 ವ್ಯಾಟ್ ಎಂದು ಬರೆದು 20 ಆಂಪಿಯರ್ ಫ್ಯೂಸ್ ಹಾಕಿದ್ದರೆ ಒಳಹೋಗುವುದು 288, ಸ್ಪೀಕರಿಗೆ ಸಿಗುವುದು ಸುಮಾರು 170. ಅದಕ್ಕೆ ಬ್ಯಾಟರಿಯಿಂದ ನೇರ ವಯರ್ ಎಳೆದು, ಬ್ಯಾಟರಿಯಿಂದ ಒಂದಡಿಯೊಳಗೆ ಇನ್ನೊಂದು ಫ್ಯೂಸ್ ಹಾಕಿಸಿ. ವಯರ್ ಎಲ್ಲಾದರೂ ಕಾರಿನ ಲೋಹದ ಮೈಗೆ ಉಜ್ಜಿ ಶಾರ್ಟ್ ಆದರೆ ಬೆಂಕಿ ತಡೆಯುವುದು ಆ ಫ್ಯೂಸೇ.